ಬಲಗಡೆಯ ಹುಟ್ಟು

ವರದಾ ಕಡವು, ಸೊರಬ ತಾಲ್ಲೂಕು
೧೦-೩-೧೯೫೮

ತಂಗಿ ಹೂವಿಗೆ,

ನಿನ್ನ ಕಾಗದ ಬಂತು. ಅಪ್ಪನಿಗೆ ಓದಿ ಹೇಳಿದೆ. ಒಂದು ಸಲ ಓದಿದರೆ ಸಾಲಲಿಲ್ಲ. ಊಟವಾದ ಮೇಲೆ ಮತ್ತೆ ಓದಿಸಿದ. ಬೆಳಿಗ್ಗೆ ಹಲ್ಲುಜ್ಜುತ್ತಾ, "ಆ ಚಪ್ಪಾಳೆ ಹೊಡೆದಿದ್ದು ಐತಲ್ಲ, ಅದೊಂದು ಓದೇ ಹುಲಿಗಿ" ಎಂದು ಇನ್ನೊಮ್ಮೆ. ನಿನ್ನ ಹೊಗಳಿಕೆಯನ್ನು ನನ್ನ ಬಾಯಿಂದಲೇ ಹೇಳಿಸುತ್ತಾನಲ್ಲ, ಇದು ಯಾವ ಜನ್ಮದ ಶಿಕ್ಷೆಯೋ ಕಾಣೆ. ಮೇಷ್ಟ್ರನ್ನು ಪುಕ್ಕಟೆ ಹೊಳೆ ದಾಟಿಸಿ ನಮ್ಮಿಬ್ಬರಿಗೂ ಅಕ್ಷರ ಹೇಳಿಸಿದ, ತಾನು ಹೆಬ್ಬೆಟ್ಟಾಗಿಯೇ ಉಳಿದ. ಆ ವಿದ್ಯೆ ಈಗ ನನಗೆ ಇದಕ್ಕೆ ಒದಗಿತು ನೋಡು.

ಅಲ್ಲ, ನೀನು ಮಾಡಿದ್ದಾದರೂ ಏನು? ನಿನ್ನ ಯಜಮಾನರ ಕಚೇರಿಯವರು ಹೆಂಡತಿ ಮಕ್ಕಳ ಸಮೇತ ಅಂಜನಾಪುರದ ಅಣೆಕಟ್ಟಿಗೆ ಬುತ್ತಿ ಕಟ್ಟಿಕೊಂಡು ಹೋದರು. ದೋಣಿಯವನು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ನೀನು ಸೆರಗು ಸಿಕ್ಕಿಸಿ ಹುಟ್ಟು ಹಿಡಿದೆ. ಅಮಲ್ದಾರರ ಹೆಂಡತಿ ಚಪ್ಪಾಳೆ ಹೊಡೆದರು. ಅದು ನಿಂತ ನೀರು ಕಣೇ! ನಿಂತ ನೀರಿನಲ್ಲಿ ಎಮ್ಮೆಯನ್ನು ಬಿಟ್ಟರೂ ಆಚೆ ದಡ ಸೇರುತ್ತದೆ. ನಾನು ದಿನಾ ಬೆಳಗಾದರೆ ಹರಿಯುವ ಹೊಳೆಯನ್ನು ದಾಟಿಸುತ್ತೇನೆ. ಅತ್ತೆ ಮನೆಗೆ ಹೋಗುವವರು, ಸೊರಬದ ಸಂತೆಗೆ ಹೋಗುವವರು, ಕರುವನ್ನು ಹೊತ್ತು ತರುವವರು. ಯಾವನು ಚಪ್ಪಾಳೆ ಹೊಡೆದ?

ಈಗ ದೋಣಿ ಹತ್ತಿದವರಿಗೆಲ್ಲ ಅದೇ ಪುರಾಣ. ಅಪ್ಪ ಹಿಂದೆ ನಿಂತು ಚುಕ್ಕಾಣಿ ಹಿಡಿದುಕೊಂಡು, "ನಮ್ಮ ಹೂವಿ ಕೈ ಅಂದ್ರೆ ಕೈ" ಎಂದು ಶುರು ಮಾಡುತ್ತಾನೆ. ನಾನು ಮುಂದಿನ ಹಲಗೆಯ ಮೇಲೆ ಬಲಗಡೆಯ ಹುಟ್ಟು ಎಳೆಯುತ್ತಾ ಕೂತಿರುತ್ತೇನೆ. ಯಾರೋ ಪರಸ್ಥಳದವರು ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. "ಅದಾ? ಅದು ದೊಡ್ಡವಳು" ಎಂದ. ಅಷ್ಟೇ. ಮತ್ತೆ ನಿನ್ನ ಕಥೆ.

ಮಕ್ಕಳು ಚೆನ್ನಾಗಿರಲಿ. ನಿನ್ನ ಅತ್ತೆಗೆ ಕೇಳಿದೆ ಅಂತ ಹೇಳು.

ಅಕ್ಕ,
ಹುಲಿಗೆಮ್ಮ


ಶಿಕಾರಿಪುರ
೨೫-೩-೧೯೫೮

ಅಕ್ಕಯ್ಯನಿಗೆ ಹೂವಮ್ಮ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಅಳುವೂ ಬಂತು. ನಾನು ಜಂಬಕ್ಕೆ ಬರೆಯಲಿಲ್ಲ ಅಕ್ಕ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನೀರು ಎಂದರೆ ಕೊಡದಲ್ಲಿ ತರುವ ನೀರು ಮಾತ್ರ. ಬಸ್ ಸ್ಟ್ಯಾಂಡಿನ ಹಿಂದಿನ ಮನೆ, ಬೆಳಗಿನಿಂದ ಧೂಳು, ಹಾರನ್ನಿನ ಸದ್ದು. ಅವತ್ತು ಹುಟ್ಟು ಕೈಗೆ ಸಿಕ್ಕಿದಾಗ ಎಷ್ಟು ಸಂತೋಷವಾಯಿತೆಂದರೆ ಇವರು ಕಣ್ಣು ಬಿಟ್ಟು ನೋಡಿದ್ದೂ ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಕೈಯಲ್ಲಿ ಅನ್ನಿಸಿಕೊಂಡೆ. "ಕಚೇರಿ ಜವಾನನ ಹೆಂಡ್ತಿ ಅಂಬಿಗರ ಹೆಣ್ಣು ಅಂತ ಊರಿಗೆಲ್ಲ ತೋರ್ಸಿ ಬಂದ್ಯೇನವ್ವಾ?" ಎಂದರು. ಅದನ್ನು ಕಾಗದದಲ್ಲಿ ಬರೆದಿರಲಿಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಬೇಡ.

ಅತ್ತೆ ಕೂಗಾಡುವಾಗ ಅಪ್ಪ ಹೇಳಿದ್ದು ನೆನಪಿಗೆ ಬರುತ್ತದೆ. ಸೆಳೆತಕ್ಕೆ ಎದೆ ಕೊಟ್ಟು ಹೋಗಬಾರದು, ದೋಣಿಯ ಮೂತಿಯನ್ನು ಸ್ವಲ್ಪ ಮೇಲಕ್ಕೆ ಇಟ್ಟುಕೊಂಡು ಓರೆಯಾಗಿ ಹೋಗಬೇಕು ಅನ್ನುತ್ತಿದ್ದನಲ್ಲ. ಹಾಗೆಯೇ ಮಾಡುತ್ತೇನೆ. ಹೂಂ ಅನ್ನುತ್ತೇನೆ, ನನಗೆ ಬೇಕಾದ ದಡಕ್ಕೇ ಹೋಗುತ್ತೇನೆ.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಹೊಟ್ಟೆಕಿಚ್ಚು ಪಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಾವಿಬ್ಬರೂ ಒಂದೇ ಹಲಗೆಯ ಮೇಲೆ ಕೂತು ಹುಟ್ಟು ಹಾಕುತ್ತಿದ್ದಾಗ ಅಪ್ಪ ಹಿಂದಿನಿಂದ ಕೂಗುತ್ತಿದ್ದದ್ದು ಬರೀ ನಿನ್ನ ಹೆಸರು. ಈ ದಡದಿಂದ ಆ ದಡದವರೆಗೂ ಹುಲಿಗೀ, ಹುಲಿಗೀ. ದೋಣಿಯಲ್ಲಿ ಕೂತಷ್ಟು ಹೊತ್ತು ನನ್ನ ಹೆಸರು ಒಂದು ಸಲವೂ ಅವನ ಬಾಯಿಗೆ ಬರಲಿಲ್ಲ. ಎಡಗಡೆ ಒಬ್ಬಳು ಇದ್ದಾಳೆ ಅನ್ನುವುದು ನೆನಪಿತ್ತೋ ಇಲ್ಲವೋ.

ತಂಗಿ,
ಹೂವಮ್ಮ


ವರದಾ ಕಡವು
೮-೪-೧೯೫೮

ಹೂವಿ,

ಸಂಸಾರವೇ ದೋಣಿ, ಅತ್ತೆಯೇ ಸೆಳೆತ ಅಂತೆಲ್ಲ ನನಗೆ ಹರಿಕಥೆ ಹೇಳಬೇಡ. ಸಂಸಾರ ನನಗೂ ಸ್ವಲ್ಪ ದಿನ ಇತ್ತು. ಕೈಹಿಡಿದ ಕಲ್ಲಪ್ಪ ಜ್ವರದಲ್ಲಿ ಹೋದ, ನಾನು ಗಂಟು ಕಟ್ಟಿಕೊಂಡು ಅಪ್ಪನ ಕಡವಿಗೆ ವಾಪಸು ಬಂದೆ. ದೋಣಿ ಅಂದರೆ ದೋಣಿಯೇ. ಅದಕ್ಕೆ ಡಾಂಬರು ಬಳಿಯಬೇಕು, ಒಳಗೆ ಬಂದ ನೀರು ಮೊಗೆದು ಹಾಕಬೇಕು. ನನಗೆ ಉಳಿದಿರುವುದು ಅದೊಂದೇ, ಅದು ಗೊತ್ತಿರಲಿ.

ನಿನ್ನ ಹೆಸರು ಕರೆಯಲಿಲ್ಲವಂತೆ! ನನ್ನ ಹೆಸರು ಹಿಡಿದು ಕರೆದು ಏನು ಹೇಳುತ್ತಿದ್ದ ಅನ್ನುವುದನ್ನು ಜಾಣೆ ಹಾಗೆ ಮರೆತುಬಿಟ್ಟೆಯಲ್ಲ. "ಹುಲಿಗೀ, ತಗ್ಗ್ಸೇ!" ಅದೊಂದೇ ಮಾತು. ನಾನು ಮೈಯೆಲ್ಲ ಬೆವರು ಮಾಡಿಕೊಂಡು ಎಳೆದರೆ ತಗ್ಗ್ಸೇ. ಹೊಳೆ ತುಂಬಿದಾಗ ತಗ್ಗ್ಸೇ, ಇಳಿದಾಗ ತಗ್ಗ್ಸೇ. ದೋಣಿ ತುಂಬ ಜನ ಕೂತಿರುವಾಗ, ಶಾಲೆಯ ಹುಡುಗಿಯರು ನಗುತ್ತಿರುವಾಗ ತಗ್ಗ್ಸೇ. ಕೈ ಬೊಬ್ಬೆ ಬರುವ ಹಾಗೆ ಎಳೆದವಳಿಗೆ ಬೈಗುಳ, ಪಕ್ಕದಲ್ಲಿ ನೀರನ್ನು ಮುದ್ದು ಮಾಡುತ್ತಾ ಕೂತವಳಿಗೆ ಒಂದು ಮಾತಿಲ್ಲ. ನಾನು ಜೋರಾಗಿ ಎಳೆದರೆ ನೀನು ಸಣ್ಣವಳಾಗಿ ಕಾಣುತ್ತೀಯಲ್ಲ, ಅದಕ್ಕೇ ನನ್ನನ್ನು ಅದುಮಿಟ್ಟ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಈಗ ನಿನ್ನ ಎಡಗಡೆಯ ಹುಟ್ಟಿಗೆ ಸಂಬಳದ ಆಳು ಶೇಷಪ್ಪ ಇದ್ದಾನಲ್ಲ, ಅವನಿಂದ ನನಗೆ ಸಾಕಾಗಿದೆ. ದೋಣಿ ನೆಟ್ಟಗೆ ಹೋಗುತ್ತಿಲ್ಲ. ಕಟ್ಟೆಗೆ ಹತ್ತಬೇಕಾದದ್ದು ಕೆಳಗೆ ಲಕ್ಕಿ ಪೊದೆಗೆ ಹೋಗಿ ಮೂತಿ ತೂರಿಸುತ್ತದೆ. ಬೈದರೆ, "ನಾನ್ ಸರೀನೇ ಎಳಿತಿದೀನಿ ಹುಲಿಗಕ್ಕಾ" ಅನ್ನುತ್ತಾನೆ. ಅಪ್ಪ ಎಲ್ಲ ನೋಡುತ್ತಾ ಹಿಂದೆ ನಿಂತಿರುತ್ತಾನೆ, ಅವನಿಗೂ ಒಂದು ಮಾತು ಬೈಯುವುದಿಲ್ಲ. ಅಪ್ಪನ ಬೈಗುಳವೆಲ್ಲ ನನ್ನೊಬ್ಬಳ ಹೆಸರಿಗೆ ಬರೆದಿಟ್ಟ ಆಸ್ತಿ.

ಹುಲಿಗೆಮ್ಮ


ವರದಾ ಕಡವು
೨೦-೫-೧೯೫೮
(ಕಾರ್ಡು)

ಹೂವಿ, ಈ ಸಲ ಹೊಸ ನೀರಿನ ಪೂಜೆಗೆ ನೀನು ಬರಬೇಕಂತೆ. ಅಪ್ಪ ಬರಿ ಅಂದ, ಬರೆದಿದ್ದೇನೆ. ನಿನಗೆ ಚಿಕ್ಕ ಮಕ್ಕಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಬೇಕು, ಮಳೆ ಹಿಡಿದರೆ ಆ ಬಸ್ಸೂ ಬರುವುದಿಲ್ಲ. ಮನೆಯಲ್ಲಿ ಹಾಸಿಗೆಗಳೂ ಕಡಿಮೆ. ನಿನ್ನ ಅತ್ತೆ ಒಪ್ಪುವುದಿಲ್ಲ ಅಂತಲೂ ಅಪ್ಪನಿಗೆ ಹೇಳಿದ್ದೇನೆ. ಬರಲೇಬೇಕು ಅಂತ ಏನೂ ಇಲ್ಲ. ಹುಲಿಗೆಮ್ಮ.


ಶಿಕಾರಿಪುರ
೨೭-೫-೧೯೫೮
(ಕಾರ್ಡು)

ಅಕ್ಕ, ಅತ್ತೆ ಒಪ್ಪಿದ್ದಾರೆ. ಮಕ್ಕಳನ್ನು ಅವರೇ ನೋಡಿಕೊಳ್ಳುತ್ತಾರಂತೆ. ನನಗೆ ಚಾಪೆ ಸಾಕು. ಇವರೂ ರಜೆ ಹಾಕಿ ಬರುತ್ತಾರೆ. ಅಪ್ಪ ಕರೆದನಲ್ಲ ಅಂತ ಎರಡು ದಿನದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಹೂವಮ್ಮ.


ವರದಾ ಕಡವು
೨-೬-೧೯೫೮

ಹೂವಮ್ಮನಿಗೆ,

ಇದನ್ನು ಕವರಿನಲ್ಲಿ ಹಾಕುತ್ತಿದ್ದೇನೆ. ಪೋಸ್ಟಿನವನು ಓದುವಂಥದ್ದಲ್ಲ.

ನಿನ್ನ ಊರಿನ ಬಳೆ ಗುಲಾಬ್ ಸಾಬರು ನಿನ್ನೆ ಬಳೆಯ ಮಲಾರ ಹೊತ್ತುಕೊಂಡು ಕಡವಿಗೆ ಬಂದಿದ್ದರು. ದೋಣಿ ನಡು ಹೊಳೆಗೆ ಬಂದಾಗ ಬಹಳ ಪ್ರೀತಿಯಿಂದ ಕೇಳಿದರು: "ಏನವ್ವಾ, ನಿಮ್ಮ ತಂಗಿ ಗಂಡ ಉಚ್ಚಂಗಪ್ಪ ಕಡವಿನ ಗುತ್ತಿಗೆಗೆ ಸೊರಬದ ಕಚೇರಿಗೆ ಅರ್ಜಿ ಹಾಕ್ಯಾನಂತಲ್ಲ? ಛಲೋ ಆತು ಬಿಡ್ರಿ, ಮನೇದು ಮನೇಗೇ ಉಳೀತೈತಿ." ನನ್ನ ಕೈಯಲ್ಲಿದ್ದ ಹುಟ್ಟು ನೀರಿಗೆ ಇಳಿಯಲೇ ಇಲ್ಲ. ಯಾರ ಮನೇದು ಯಾರ ಮನೆಗೆ ಉಳಿಯುತ್ತದೆ ಹೂವಿ?

ನೀನು ಅತ್ತೆಯ ಕಥೆ ಬರೆದೆ, ಧೂಳಿನ ಕಥೆ ಬರೆದೆ. ಇದೊಂದನ್ನು ಬರೆಯಲು ಶಾಯಿ ಸಾಲಲಿಲ್ಲವೇ?

ಈಗ ನನಗೆ ಎಲ್ಲ ಅರ್ಥವಾಗಿದೆ. ನೀನು ಪೇಟೆಯವಳು, ಮರೆತಿರಬಹುದು, ನೆನಪು ಮಾಡುತ್ತೇನೆ. ಹೊಸ ನೀರು ಬಂದ ದಿನ ಅಪ್ಪ ಗಂಗಮ್ಮನಿಗೆ ಪೂಜೆ ಮಾಡಿ, ಹುಟ್ಟುಗಳಿಗೆ ಅರಿಶಿನ ಹಚ್ಚಿ, ಒಬ್ಬೊಬ್ಬರ ಕೈಗೆ ಕೊಡುತ್ತಾನೆ. ಯಾರ ಕೈಗೆ ಕೊಟ್ಟನೋ ಆ ವರ್ಷ ಆ ಹುಟ್ಟು ಅವರದು. ಇಡೀ ಕಡವು ಒಪ್ಪಿಕೊಂಡ ಮಾತು ಅದು, ಕಚೇರಿಯ ಕಾಗದಕ್ಕಿಂತ ಗಟ್ಟಿ. ದೋಣಿಗೆ ಇರುವುದು ಎಡಕ್ಕೊಂದು, ಬಲಕ್ಕೊಂದು. ಎಡಗಡೆಯದು ಶೇಷಪ್ಪನ ಕೈಯಲ್ಲಿದೆ. ಅವನಿಗೆ ವರ್ಷದ ಮಾತು ಕೊಟ್ಟಾಗಿದೆ, ಬಿಡಿಸುವ ಹಾಗಿಲ್ಲ. ಹಾಗಾದರೆ ನಿನ್ನನ್ನು ಕರೆಸಿರುವುದು ಯಾವ ಹುಟ್ಟು ಕೊಡುವುದಕ್ಕೆ? ಎಲ್ಲ ಹೊಂದುತ್ತದೆ. ಹುಟ್ಟು ನಿನಗೆ, ಗುತ್ತಿಗೆ ನಿನ್ನ ಗಂಡನಿಗೆ. ಆಮೇಲೆ ನಾನು ನನ್ನ ಅಜ್ಜನ ಕಡವಿನಲ್ಲಿ ಉಚ್ಚಂಗಪ್ಪನವರ ಕೂಲಿ ಆಳು. ಅವರು ಬೇಡ ಅಂದರೆ ಅದೂ ಇಲ್ಲ.

ಅಪ್ಪನನ್ನು ನೇರವಾಗಿ ಕೇಳಿದೆ, ಹೂವಿಯನ್ನು ಯಾಕೆ ಕರೆಸುತ್ತೀಯ ಅಂತ. "ಬರ್ಲಿ, ಅವತ್ತು ನೋಡ್ತೀಯಂತೆ" ಎಂದು ಎದ್ದು ಹೋದ. ಒಳ್ಳೆಯದನ್ನು ಹೀಗೆ ಮುಚ್ಚಿಡುತ್ತಾರೇನೆ?

ನಿನಗೆ ಗಂಡ ಇದ್ದಾನೆ, ಮಕ್ಕಳಿದ್ದಾರೆ, ತಿಂಗಳ ಸಂಬಳದ ಮನೆ ಇದೆ. ಹೊಗಳಿಕೆಯೂ ನಿನ್ನದೇ ಆಯಿತು. ನನ್ನ ಕೈಯಲ್ಲಿರುವುದು ಒಂದು ಕಟ್ಟಿಗೆ. ಅದಕ್ಕೂ ನಿನ್ನ ಕಣ್ಣು ಬಿತ್ತಲ್ಲ. ಬರಬೇಡ ನೀನು.

ಹುಲಿಗೆಮ್ಮ


ಶಿಕಾರಿಪುರ
೯-೬-೧೯೫೮

ಅಕ್ಕನಿಗೆ,

ಅರ್ಜಿ ಹಾಕಿದ್ದು ನಿಜ. ನನಗೆ ಗೊತ್ತಿದ್ದದ್ದೂ ನಿಜ. ಅಪ್ಪನಿಗೆ ವಯಸ್ಸಾಯಿತು, ಹೆಂಗಸಿನ ಹೆಸರಿಗೆ ಗುತ್ತಿಗೆ ಕೊಡುತ್ತಾರೋ ಇಲ್ಲವೋ, ಬೇರೆ ಯಾವನೋ ಹಾರಿಸಿಕೊಂಡು ಹೋಗುವ ಮೊದಲು ನಾವೇ ಕೇಳೋಣ ಅಂದರು ಇವರು. ನಿನಗೆ ತಿಳಿಸಿ ಅಂದೆ. ಆಮೇಲೆ ತಿಳಿಸಿದರಾಯಿತು ಅಂದರು. ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆ ಅಂತ ಕೇಳು. ಕಡವು ಇವರದಾದರೆ ವರ್ಷಕ್ಕೆ ನಾಲ್ಕು ಸಲವಾದರೂ ಅಲ್ಲಿಗೆ ಬರಬಹುದು, ಹೊಳೆಯ ಮೇಲೆ ಹೋಗಬಹುದು ಅಂತ ಆಸೆಯಾಯಿತು. ಅಷ್ಟು ಆಸೆ ಪಟ್ಟದ್ದಕ್ಕೆ ನಾನು ಕಳ್ಳಿ ಆಗಿಬಿಟ್ಟೆನೇ?

ಎಲ್ಲಾ ನನಗೇ ಸಿಕ್ಕಿದೆ ಅಂತ ಬರೆದಿದ್ದೀಯ. ನನ್ನ ಮದುವೆಯ ಮಾರನೇ ದಿನ ನೀವೆಲ್ಲ ನನ್ನನ್ನು ಬಸ್ಸಿಗೆ ಹತ್ತಿಸಿ ಹೊಳೆಗೆ ವಾಪಸು ಹೋದಿರಿ. ನಾನು ಕಿಟಕಿಯಿಂದ ತಿರುಗಿ ತಿರುಗಿ ನೋಡಿದೆ. ನೀನು ಅಪ್ಪನ ಪಕ್ಕದಲ್ಲಿ ನಡೆಯುತ್ತಿದ್ದೆ, ಅಪ್ಪ ನಿನ್ನ ಹತ್ತಿರ ಏನೋ ಹೇಳುತ್ತಿದ್ದ. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ ಇದೆ ಅಕ್ಕ. ನೀನು ಒಬ್ಬಳೇ ಅದನ್ನು ಇಟ್ಟುಕೊಂಡಿದ್ದೀಯ ಅಂದುಕೊಳ್ಳಬೇಡ. ದಿನಾ ಬೈಸಿಕೊಳ್ಳುವುದು ಕಷ್ಟ ಅನ್ನುತ್ತೀಯ. ಆ ಒಂದು ಬೈಗುಳ ನನಗೆ ಸಿಕ್ಕಿದ್ದರೆ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದೆ.

ಬರಬೇಡ ಅಂದರೂ ಬರುತ್ತೇನೆ. ಅಪ್ಪ ಮೊದಲ ಸಲ ಕರೆದಿದ್ದಾನೆ. ನೀನು ಮಾತಾಡಿಸದಿದ್ದರೆ ಬೇಡ.

ಹೂವಮ್ಮ


ಶಿಕಾರಿಪುರ
೬-೭-೧೯೫೮

ಅಕ್ಕಯ್ಯನಿಗೆ,

ಮನೆ ಸೇರಿದೆವು. ದಾರಿಯುದ್ದಕ್ಕೂ ಮಳೆ. ಇವರು ಸೊರಬದಿಂದ ಶಿಕಾರಿಪುರದವರೆಗೆ ತುಟಿ ಬಿಚ್ಚಲಿಲ್ಲ. ನೀನೂ ಅಲ್ಲಿದ್ದಷ್ಟು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಸುವಾಗ ಕೂಡ ಅನ್ನವನ್ನು ತಟ್ಟೆಗೆ ಎಸೆದೆ. ಹಾಗಾಗಿ ಎದುರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಂದ ದಿನ ಅಪ್ಪನಿಗೆ ಕಾಫಿ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡ. ಅಪ್ಪ ಎಡಗೈಯಲ್ಲಿ ಏನನ್ನಾದರೂ ತೆಗೆದುಕೊಳ್ಳುವವನೇ? ಹೂವು ಕೊಯ್ಯಲು ಹೋದಾಗ ಒತ್ತಾಯ ಮಾಡಿ ಕೇಳಿದೆ. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲವಂತೆ, ಶಿವರಾತ್ರಿಯ ಸುಮಾರಿನಿಂದ. ಚುಕ್ಕಾಣಿಯನ್ನು ಎದೆಗೆ ಒತ್ತಿಕೊಂಡು ತಿರುಗಿಸುತ್ತಿದ್ದಾನೆ. ದೋಣಿ ಲಕ್ಕಿ ಪೊದೆಗೆ ಹೋಗುತ್ತಿದ್ದದ್ದು ಅದಕ್ಕೆ. ಪಾಪ ಶೇಷಪ್ಪ! "ಹುಲಿಗಿಗೆ ಹೇಳ್ಬ್ಯಾಡ, ಗೊತ್ತಾದ್ರೆ ಅವತ್ತೇ ನನ್ನ ಮನೇಲಿ ಕೂರಿಸ್ತಾಳೆ. ಪೂಜೆ ದಿನದವರೆಗೆ ನಾನೇ ನಿಲ್ಬೇಕು" ಎಂದ.

ಪೂಜೆಯ ಹೊತ್ತಿಗೆ ಏನಾಯಿತು ಅಂತ ನಿನಗೆ ಗೊತ್ತು. ಆದರೆ ನೀನು ಅರ್ಧವನ್ನೇ ನೋಡಿದೆ. ಅಪ್ಪ ಎಡಗಡೆಯ ಹುಟ್ಟನ್ನು ಶೇಷಪ್ಪನಿಗೆ ಕೊಟ್ಟ. ಬಲಗಡೆಯ ಹುಟ್ಟಿಗೆ ಅರಿಶಿನ ಬಳಿದು ನನ್ನ ಕೈಗೆ ಕೊಟ್ಟ. ಇವರ ಮುಖ ಅರಳಿತು. ದಡದಲ್ಲಿದ್ದವರು ಗುಜುಗುಜು ಅಂದರು. ನೀನು ಆರತಿ ತಟ್ಟೆಯನ್ನು ಅಲ್ಲೇ ಇಟ್ಟು ಮನೆಯ ಕಡೆ ಹೊರಟೆ. ನಿನ್ನ ಬೆನ್ನು ಕಾಣುತ್ತಿತ್ತು, ಅಪ್ಪನ ಮುಖ ನಿನಗೆ ಕಾಣಲಿಲ್ಲ. ಅವನು ಹೆದರಿಬಿಟ್ಟ ಅಕ್ಕ. ನೀನು ನಿಜವಾಗಿ ಹೋಗಿಬಿಡುತ್ತೀಯ ಅಂತ. ಆಮೇಲೆ ಕೂಗಿದ: "ಹುಲಿಗೀ, ಎಲ್ಲಿಗೇ ಹೋಗ್ತೀಯ? ನೀ ಹೋದ್ರೆ ದೋಣಿ ತಿರುಗ್ಸೋರ್ಯಾರು?"

ನೀನು ತಿರುಗಿದಾಗ ಅವನು ಚುಕ್ಕಾಣಿಗೆ ಅರಿಶಿನ ಹಚ್ಚುತ್ತಿದ್ದ. ಅದನ್ನು ಬೇರೆಯವರ ಕೈಯಲ್ಲಿ ನಾವು ಯಾರೂ ಕಂಡಿರಲಿಲ್ಲ. "ಕಡವು ಇನ್ಮೇಲೆ ಹುಲಿಗಿದು, ಗುತ್ತಿಗೆ ಕಾಗದಕ್ಕೂ ಅವಳದೇ ಹೆಸ್ರು" ಅಂತ ಊರಿನವರೆದುರು ಹೇಳಿದ. ಹೇಳಿ, ಚುಕ್ಕಾಣಿಯನ್ನು ನಿನ್ನ ಕೈಗೆ ಕೊಟ್ಟು, ದೋಣಿಯ ನಡುವೆ ಸಂತೆಗೆ ಹೋಗುವವರ ಜೊತೆ ಕೂತ. ನನ್ನನ್ನು ಯಾಕೆ ಕರೆಸಿದೆ ಅಂತ ಆಮೇಲೆ ಕೇಳಿದೆ. "ನಾಳೆಯಿಂದ ನಿನ್ನ ಬದ್ಲು ಕೂಲಿಗೆ ಮಾಸ್ತಪ್ಪ ಬರ್ತಾನೆ. ಆದ್ರೆ ಅವಳು ಹಿಂದಕ್ಕೆ, ಚುಕ್ಕಾಣಿಗೆ ಬರೋ ದಿನ ಅವಳ ಹುಟ್ಟನ್ನ ಹೊರಗಿನೋರ ಕೈಗೆ ಕೊಡಕ್ಕೆ ಮನ್ಸು ಬರ್ಲಿಲ್ಲ ಕಣವ್ವ" ಎಂದ. ನನ್ನನ್ನು ಕರೆಸಿದ್ದೂ ನಿನ್ನ ಸಲುವಾಗಿಯೇ. ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಗಿರಬಹುದು, ನೀನೇ ಲೆಕ್ಕ ಹಾಕು.

ಇನ್ನೊಂದು ಮಾತು. ನಡು ಹೊಳೆಯಲ್ಲಿ ದೋಣಿ ತಿರುಗಲು ಶುರುವಾದಾಗ ನೀನು ಹಿಂದಿನಿಂದ ಕೂಗಿದೆ, "ಶೇಷಪ್ಪಾ, ತಗ್ಗ್ಸೋ!" ಅಂತ. ಥೇಟು ಅಪ್ಪನ ಧ್ವನಿ. ಪಕ್ಕದಲ್ಲಿ ನಾನೂ ಇದ್ದೆ ಅಕ್ಕ. ನನ್ನ ಹೆಸರನ್ನು ನೀನೂ ಕರೆಯಲಿಲ್ಲ.

ಹೂವಮ್ಮ


ವರದಾ ಕಡವು
೨೦-೭-೧೯೫೮

ಹೂವಿಗೆ,

ನಿನ್ನನ್ನು ಕರೆಯಲಿಲ್ಲ, ನಿಜ. ಯಾಕೆ ಅಂತ ಹೇಳುತ್ತೇನೆ, ಕೇಳು.

ಚುಕ್ಕಾಣಿ ಕೈಗೆ ಬಂದಾಗ ಮೊದಲು ನನಗೆ ನಾಚಿಕೆಯಾಯಿತು. ಎಡಕ್ಕೊಂದು ಬಲಕ್ಕೊಂದು ಅಂತ ನಿನಗೆ ಲೆಕ್ಕ ಬರೆದು ಕಳಿಸಿದ್ದೆನಲ್ಲ, ಹುಟ್ಟಿದಾಗಿನಿಂದ ಆ ದೋಣಿಯಲ್ಲೇ ಇದ್ದವಳಿಗೆ ಹಿಂದಿನದೊಂದು ಲೆಕ್ಕಕ್ಕೇ ಸಿಗಲಿಲ್ಲ. ಅದು ಅಪ್ಪ. ಅಪ್ಪನ ಜಾಗ ಖಾಲಿಯಾಗಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಹಿಂದೆ ನಿಂತ ಮೇಲೆ ನಿಮ್ಮಿಬ್ಬರ ಬೆನ್ನುಗಳು ಎದುರಿಗೆ ಬಂದವು. ಶೇಷಪ್ಪ ಊರವರು ನೋಡುತ್ತಿದ್ದಾರೆ ಅಂತ ಹುಮ್ಮಸ್ಸಿನಲ್ಲಿ ಎಳೆಯುತ್ತಿದ್ದ. ನಿನಗೆ ಅಭ್ಯಾಸ ತಪ್ಪಿದೆ. ನಿನ್ನ ಭುಜ ನಡುಗುತ್ತಿತ್ತು, ಅಂಗೈಯ ಚರ್ಮ ಕಿತ್ತಿದ್ದು ಹುಟ್ಟಿನ ಮೇಲೆ ಕೆಂಪಗೆ ಕಾಣುತ್ತಿತ್ತು. ಅವನ ಕಡೆ ಜೋರಾಗಿ ದೋಣಿ ಸುಳಿಯ ಕಡೆ ತಿರುಗಿತು. ಆಗ ನಿನಗೆ ಇನ್ನೂ ಎಳಿ ಅಂದಿದ್ದರೆ ನೀನು ಹುಟ್ಟನ್ನೇ ಬಿಟ್ಟುಬಿಡುತ್ತಿದ್ದೆ. ಆಗಲಾರದ ಕೈಗೆ ಏನೂ ಹೇಳಬಾರದು. ತಾಕತ್ತಿರುವ ಕೈಗೆ ಹೇಳಬೇಕು, ಅದು ಕೇಳುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಬಾಯಿಗೆ ಬಂತು, ಕೂಗಿದೆ. ಕೂಗಿದ ಮೇಲೆ ನಾನು ಏನು ಕೂಗಿದೆ ಅಂತ ನನಗೇ ಕೇಳಿಸಿತು. ಅಪ್ಪ ನನಗೆ ಕೂಗುತ್ತಿದ್ದ ಅದೇ ಮಾತು ಹೂವಿ.

ಸಮಾಧಾನವಾಯಿತು ಅಂದುಕೊಳ್ಳಬೇಡ. ಇನ್ನೂ ಸಿಟ್ಟು ಬಂದಿದೆ. ಅಷ್ಟು ವರ್ಷ ನಿನ್ನ ಕೈಗೆ ಸರಿಸಮ ಆಗಿ ದೋಣಿ ನೆಟ್ಟಗೆ ಹೋಗಲಿ ಅಂತ ನಾನು ಕೈ ತಗ್ಗಿಸಿಕೊಂಡು ಬಂದೆ ಅಂತಾಯಿತಲ್ಲ? "ನಿನ್ ಕೈ ಜೋರೈತೆ, ಅದಕ್ಕೇ ಹೇಳ್ತೀನಿ" ಅಂತ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು? ಚಪ್ಪಾಳೆಯ ಕಥೆಯನ್ನು ಊರಿಗೆಲ್ಲ ಸಾರುವವನಿಗೆ ನನ್ನ ಕೈ ಜೋರಿದೆ ಅನ್ನುವುದಕ್ಕೆ ಮಾತು ಸಿಗಲಿಲ್ಲವೇ?

ಭುಜದ ನೋವನ್ನೂ ನಿನಗೆ ಹೇಳಿದ. ಒಂದೇ ಸೂರಿನ ಕೆಳಗೆ ಉಂಡು ಮಲಗುವವಳು ನಾನು. ಅವನ ಎಡಗೈ ನೀನು ಬಂದ ದಿನವೇ ನಿನಗೆ ಕಾಣಿಸಿತು, ನನಗೆ ಇಷ್ಟು ತಿಂಗಳು ಕಾಣಿಸಲಿಲ್ಲ. ನನಗೆ ಶೇಷಪ್ಪನನ್ನು ಬೈಯುವುದರಲ್ಲಿ, ನಿನ್ನನ್ನು ಶಪಿಸುವುದರಲ್ಲಿ ಹೊತ್ತು ಹೋಯಿತು. ಇದೊಂದು ಮುಳ್ಳು ಒಳಗೆ ಮುರಿದುಕೊಂಡಿದೆ. ಈಗ ರಾತ್ರಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆ. ಅವನು ಬೇಡ ಬೇಡ ಅನ್ನುತ್ತಾನೆ, ನಾನು ಬೈದು ತಿಕ್ಕುತ್ತೇನೆ.

ಶೇಷಪ್ಪನ ಹತ್ತಿರ ತಪ್ಪಾಯಿತು ಅನ್ನಲು ನಾಲಗೆ ಏಳಲಿಲ್ಲ. ಒಂದು ಬಾಳೆಗೊನೆ ಕೊಟ್ಟೆ. ಕೆಲಸದಿಂದ ಬಿಡಿಸುತ್ತಿದ್ದೀನಿ ಅಂದುಕೊಂಡು ಅವನು ಗಾಬರಿಯಾದ.

ನಿನ್ನ ಅಂಗೈಗೆ ಬೆಣ್ಣೆ ಹಚ್ಚು. ಅನ್ನ ಎಸೆದದ್ದು ತ‍ಪ್ಪೇ.

ಅಕ್ಕ


ಶಿಕಾರಿಪುರ
೧೭-೮-೧೯೫೮

ಅಕ್ಕ,

ಇವರು ಅರ್ಜಿ ವಾಪಸು ತೆಗೆದುಕೊಂಡರು. ನನ್ನ ಮೇಲಿನ ಪ್ರೀತಿಗೇನೂ ಅಲ್ಲ, ಮಾವ ಇಡೀ ಕಡವಿನ ಎದುರು ಹೇಳಿದ ಮೇಲೆ ಮರ್ಯಾದೆ ಉಳಿಯುವುದಿಲ್ಲ ಅಂತ. ನಾನೂ ಸುಮ್ಮನಿರಲಿಲ್ಲ. ವಾಪಸು ತೆಗೆದುಕೊಳ್ಳುವವರೆಗೆ ಅಡಿಗೆಗೆ ಉಪ್ಪು ಹಾಕುವುದಿಲ್ಲ ಅಂದೆ, ಹಾಕಲಿಲ್ಲ. ಅತ್ತೆ ಮೊದಲು ಸೋತರು. ಸೊರಬದ ಕಚೇರಿಯಲ್ಲಿ ಇವರ ಪರಿಚಯದ ಗುಮಾಸ್ತರಿಗೆ ನಿನ್ನ ಹೆಸರಿನ ಬಗ್ಗೆ ಇವರೇ ಹೇಳಿ ಬಂದಿದ್ದಾರೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಆಗಲಾರದ ಕೈಗೆ ಏನೂ ಹೇಳಬಾರದು ಅಂತ ಬರೆದಿದ್ದೀಯ. ಹಾಗಾದರೆ ಅಪ್ಪ ನನ್ನನ್ನು ಮರೆತಿರಲಿಲ್ಲ, ನನ್ನಿಂದ ಆಗುವುದಿಲ್ಲ ಅಂತ ಗೊತ್ತಿತ್ತು. ಯಾವುದು ಮೇಲು ಅಂತ ನನಗೆ ಇನ್ನೂ ತಿಳಿಯುತ್ತಿಲ್ಲ. ನೀನು ಸಿಟ್ಟಿನಲ್ಲಿ ಬರೆದದ್ದನ್ನೇ ನಾನು ನಾಲ್ಕು ಸಲ ಓದಿ ಹೊಟ್ಟೆ ಉರಿದುಕೊಂಡೆ. ನಿನ್ನ ಕೈ ಜೋರಿದೆ ಅಂತ ಗೊತ್ತಿದ್ದದ್ದಕ್ಕೇ ತಾನೇ ಅವನು ದಿನಾ ನಿನ್ನ ಹೆಸರು ಕೂಗಿದ್ದು?

ಈಗ ನೀನು ಹಿಂದೆ, ಅಪ್ಪ ನಡುವೆ. ದೋಣಿಯಲ್ಲಿ ಅಪ್ಪ ನಿನಗೆ ಏನೇನು ಹೇಳುತ್ತಾನೆ, ಒಂದೂ ಬಿಡದೆ ಬರಿ. ನನಗೆ ಹೊಟ್ಟೆಕಿಚ್ಚಾಗುತ್ತದೆ ಅಂತ ಮುಚ್ಚಿಡಬೇಡ. ಆದರೆ ಆಗಲಿ.

ಹೂವಿ


ವರದಾ ಕಡವು
೧೪-೯-೧೯೫೮

ಹೂವಿಗೆ,

ಗುತ್ತಿಗೆಯ ಕಾಗದ ಬಂತು. ಶ್ರೀಮತಿ ಹುಲಿಗೆಮ್ಮ ಅಂತ ಟೈಪು ಮಾಡಿದ್ದಾರೆ. ಅಪ್ಪ ಅದನ್ನು ತಲೆಕೆಳಗು ಹಿಡಿದುಕೊಂಡು ಬಹಳ ಹೊತ್ತು ನೋಡಿದ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಬಾಯಿತುಂಬ ಹೇಳು.

ಅಪ್ಪ ದೋಣಿಯಲ್ಲಿ ಏನು ಹೇಳುತ್ತಾನೆ ಅಂತ ಕೇಳಿದ್ದೀಯ. ಏನೂ ಹೇಳುವುದಿಲ್ಲ.

ದಿನಾ ಬಂದು ನಡುವೆ ಕೂರುತ್ತಾನೆ. ಹತ್ತಿದವರ ಜೊತೆ ಗದ್ದೆಯ ಮಾತು, ಅಡಿಕೆಯ ಧಾರಣೆಯ ಮಾತು, ನಿನ್ನ ಚಪ್ಪಾಳೆಯ ಮಾತು. ನನಗೆ ಅವನ ಬೆನ್ನು ಮಾತ್ರ ಕಾಣುತ್ತದೆ. ತುಂಬು ಹೊಳೆಯಲ್ಲಿ ಮರದ ದಿಮ್ಮಿ ತೇಲಿ ಬಂತು, ತಪ್ಪಿಸಿದೆ. ಒಂದು ದಿನ ಹಗ್ಗ ಕಿತ್ತು ಮಾಸ್ತಪ್ಪನ ಹುಟ್ಟು ಕೈತಪ್ಪಿತು, ಒಂದೇ ಹುಟ್ಟಿನಲ್ಲಿ ದಡ ಸೇರಿಸಿದೆ. ದೋಣಿ ಈಗ ಕಟ್ಟೆಗೆ ನೆಟ್ಟಗೆ ಹೋಗಿ ಹತ್ತುತ್ತದೆ. ಚೆನ್ನಾಗಿ ತಂದೆ ಅನ್ನುವುದು ಬೇಡ, ಬೈಯಲಾದರೂ ಒಮ್ಮೆ ತಿರುಗಬಹುದಲ್ಲ? ಪೂಜೆಯ ದಿನದಿಂದ ಇವತ್ತಿನವರೆಗೆ ದೋಣಿಯಲ್ಲಿ ಅವನ ಬಾಯಲ್ಲಿ ನನ್ನ ಹೆಸರು ಬಂದಿಲ್ಲ.

ನಿನ್ನೆ ನನಗೆ ತಡೆಯಲಾಗಲಿಲ್ಲ. ನಾನು ಮಾಡಿದ್ದನ್ನು ಯಾರಿಗೂ ಹೇಳಬೇಡ, ಗುತ್ತಿಗೆ ಹೋಗುತ್ತದೆ. ಸುಳಿಯ ಹತ್ತಿರ ಬರುವಾಗ ಬೇಕೆಂದೇ ಚುಕ್ಕಾಣಿಯನ್ನು ತಪ್ಪಾಗಿ ತಿರುಗಿಸಿದೆ. ದೋಣಿ ಅಡ್ಡ ಹೊಡೆಯಿತು. ಹೆಂಗಸರು ಕಿರುಚಿದರು. ಗುಲಾಬ್ ಸಾಬರು ಬಳೆಯ ಮಲಾರವನ್ನು ಅಪ್ಪಿಕೊಂಡು ಅಪ್ಪನ ಕಡೆ ತಿರುಗಿ, "ಅರೇ ಗುತ್ಯಪ್ಪಾ, ನೋಡೋ ಮಾರಾಯಾ, ದೋಣಿ ಹೊಂಟ್ತು!" ಅಂದರು. ನಾನು ಅಪ್ಪನ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ಈಗ ತಿರುಗುತ್ತಾನೆ, ಈಗ ಕೂಗುತ್ತಾನೆ ಅಂತ.

ಅವನು ತಿರುಗಲಿಲ್ಲ. ಮಡಿಲಿನಿಂದ ಎಲೆ ಅಡಿಕೆಯ ಚೀಲ ತೆಗೆದು, "ಹಿಂದೆ ದೊಡ್ಡವಳು ಅದಾಳೆ, ಸುಮ್ನೆ ಕೂತ್ಕಳ್ರಿ ಸಾಬ್ರೆ" ಅಂದ. ಅಂದು, ಎಲೆಗೆ ಸುಣ್ಣ ಹಚ್ಚಿದ.

ದೋಣಿಯನ್ನು ಸರಿ ಮಾಡಿಕೊಂಡು ಕಟ್ಟೆಗೆ ಹತ್ತಿಸಿದೆ. ಎಲ್ಲರೂ ಇಳಿದು ಹೋದರು, ಅಪ್ಪನೂ ಇಳಿದು ಅವರ ಜೊತೆ ಮಾತಾಡುತ್ತಾ ಹೋದ. ನಾನು ಚುಕ್ಕಾಣಿ ಹಿಡಿದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ. ನಿನಗೆ ಅಷ್ಟು ವರ್ಷ, ನನ್ನ ಪಕ್ಕದಲ್ಲೇ ಕೂತು, ಹೀಗೇ ಆಗುತ್ತಿತ್ತೇನೇ ಹೂವಿ?

ನಿನ್ನ ಅಕ್ಕ,
ಹುಲಿಗಿ